ಪಿಒದಲ್ಲಿ (ಕಂಪನಿ ಕೊಟ್ಟ ಖರೀದಿ ಆರ್ಡರ್) ದುಡ್ಡು ಕೊಡೋಕೆ 90 ದಿನ, ಒಂಬತ್ತು ತಿಂಗಳಾದರೂ ದುಡ್ಡಿಲ್ಲ. ಬಡ್ಡಿ ಕೇಳಬಹುದಾ?

ಪೀಣ್ಯದ ಲೇತ್ | 28 ಡಿಸೆಂಬರ್ 2024
ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಚಿಕ್ಕ ಶೆಡ್. ಎರಡು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್), ಒಂದು ಹಳೇ ಲೇತ್, ನಾಲ್ಕು ಹುಡುಗರು. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) 2021ರಲ್ಲೇ ಆಗಿದೆ, ಮೈಕ್ರೋ, ಅಂದರೆ ಅತಿ ಸಣ್ಣ ವರ್ಗ. ಈ ಮಾರ್ಚ್ 12ಕ್ಕೆ ಒಂದು ಕಂಪನಿಗೆ ಬುಷ್ ಮಾಡಿ ಕಳಿಸಿದೆ. ಜಿಎಸ್‌ಟಿ ಸೇರಿ ಬಿಲ್ 4 ಲಕ್ಷ. ಇವತ್ತಿನವರೆಗೆ ಒಂದು ಪೈಸೆ ಬಂದಿಲ್ಲ. ಫೋನ್ ಮಾಡಿದಾಗಲೆಲ್ಲ "ಫೈಲ್ ಸಾಹೇಬರ ಟೇಬಲ್ ಮೇಲಿದೆ ಸರ್" ಅನ್ನುತ್ತಾರೆ. ಅದೆಷ್ಟು ದೊಡ್ಡ ಟೇಬಲ್ಲೋ! ಆ ಬಿಲ್ಲಿನ ಜಿಎಸ್‌ಟಿ 61 ಸಾವಿರ ಮಾತ್ರ ನಾನು ಏಪ್ರಿಲ್‌ನಲ್ಲೇ ಕಟ್ಟಿ ಆಯಿತು. ಅದಕ್ಕೆ ಅಡವಿಟ್ಟ ಬಳೆ ಇನ್ನೂ ಸೊಸೈಟಿಯಲ್ಲಿದೆ.

ಆಗಸ್ಟ್‌ನಲ್ಲಿ ಹೊಸ ರಾಗ ತೆಗೆದರು. 40 ಪೀಸ್ ರಿಜೆಕ್ಟ್ ಅಂತೆ. ಅದೂ ಫೋನಲ್ಲಿ, ಐದು ತಿಂಗಳಾದ ಮೇಲೆ. ಪಿಒದಲ್ಲಿ 90 ದಿನಕ್ಕೆ ನಾನೇ ಸಹಿ ಹಾಕಿದ್ದೇನೆ. ಬಡ್ಡಿ ಕೇಳುವ ಹಕ್ಕು ಇದೆಯಾ? ಕೇಳಿದರೆ ಆರ್ಡರ್ ನಿಂತುಹೋಗುತ್ತೆ ಅನ್ನೋ ಭಯವೂ ಇದೆ.

ಲೆಕ್ಕದ ಪುಸ್ತಕ
ಆ 90 ದಿನ ಮರೆತುಬಿಡಿ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ನೀವು ಏನೇ ಒಪ್ಪಿಕೊಂಡಿದ್ದರೂ 45 ದಿನ ಮೀರುವ ಹಾಗಿಲ್ಲ. ರಿಜೆಕ್ಷನ್ ಇದ್ದರೆ ಮಾಲು ಮುಟ್ಟಿದ 15 ದಿನದೊಳಗೆ ಬರವಣಿಗೆಯಲ್ಲಿ ಹೇಳಬೇಕಿತ್ತು. ಹೇಳಿಲ್ಲ, ಅಂದರೆ ಮಾರ್ಚ್ 12ಕ್ಕೇ ಒಪ್ಪಿಕೊಂಡಂತೆ. ಗಡುವು ಏಪ್ರಿಲ್ 26ಕ್ಕೆ ಮುಗಿಯಿತು.

ಬಡ್ಡಿ ಆರ್‌ಬಿಐ ಪ್ರಕಟಿಸುವ ಬ್ಯಾಂಕ್ ರೇಟಿನ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. 2024ರಲ್ಲಿ ಬ್ಯಾಂಕ್ ರೇಟ್ 6.75 ಇತ್ತು, ಅಂದರೆ ವರ್ಷಕ್ಕೆ 20.25%. ನಿಮ್ಮ 4 ಲಕ್ಷಕ್ಕೆ ಮೊದಲ ತಿಂಗಳು 6,750. ಎಂಟು ತಿಂಗಳಿಗೆ ಸುಮಾರು 57,300. ಈ ಬಡ್ಡಿಯನ್ನು ಅವರು ಇನ್‌ಕಮ್ ಟ್ಯಾಕ್ಸಲ್ಲಿ ಖರ್ಚು ಅಂತಲೂ ತೋರಿಸುವ ಹಾಗಿಲ್ಲ.

ಗೋಕುಲ ರೋಡ್, ಹುಬ್ಬಳ್ಳಿ
ಅಣ್ಣಾ, ನಾನು ಇದರಲ್ಲಿ ಬಿದ್ದು ಎದ್ದವನು. ಸಣ್ಣ ಉದ್ಯಮಗಳ ಬಾಕಿ ದೂರಿಗೆ ಅಂತ ಸರ್ಕಾರ ಮಾಡಿದ ಸಮಾಧಾನ್ ಪೋರ್ಟಲ್‌ನಲ್ಲಿ ಪಿಒ, ಬಿಲ್ ಹಾಕಿ ಅರ್ಜಿ ಕೊಟ್ಟೆ. ಅದು ಫೆಸಿಲಿಟೇಶನ್ ಕೌನ್ಸಿಲ್‌ಗೆ, ಅಂದರೆ ಇಂಥ ತಕರಾರು ಬಗೆಹರಿಸುವ ರಾಜ್ಯದ ಮಂಡಳಿಗೆ ಹೋಗುತ್ತದೆ. ಮೊದಲು ರಾಜಿ ಮಾಡಿಸಲು ನೋಡುತ್ತಾರೆ, ಆಗದಿದ್ದರೆ ಆರ್ಬಿಟ್ರೇಶನ್ (ಕೋರ್ಟಿನ ಹೊರಗೆ ತೀರ್ಪು). ಕಾಯ್ದೆಯಲ್ಲಿ ಇದನ್ನು 90 ದಿನದಲ್ಲಿ ಮುಗಿಸಬೇಕು ಅಂತಿದೆ. ನನಗೆ ಒಂದೂವರೆ ವರ್ಷ ಹಿಡಿಯಿತು. ಕೊನೆಗೆ ಅಸಲು ಪೂರ್ತಿ, ಬಡ್ಡಿ ಅರ್ಧಕ್ಕೆ ರಾಜಿಯಾದೆ. ಆರ್ಡರ್? ನಿಂತಿತು. ದುಡ್ಡೇ ಕೊಡದವರ ಆರ್ಡರ್ ಇಟ್ಟುಕೊಂಡು ಏನು ಮಾಡಲಿ ಅಂತ ನಾನೂ ಸುಮ್ನಾದೆ.

ಆದೇಶ ನಮ್ಮ ಕಡೆ ಬಂದರೆ, ಅದರ ವಿರುದ್ಧ ಕೋರ್ಟಿಗೆ ಹೋಗಲು ಅವರು 75% ದುಡ್ಡು ಮೊದಲೇ ಕಟ್ಟಬೇಕು. ಅದು ಗೊತ್ತಿದ್ದೇ ರಾಜಿಗೆ ಬಂದರು.

ನಟ್ಟು ಬೋಲ್ಟು
ನನ್ನದು ಹಾರ್ಡ್‌ವೇರ್ ಅಂಗಡಿ, ಉದ್ಯಮ್ ಇದೆ. ನನಗೂ ಆಗುತ್ತಾ?

ಲೆಕ್ಕದ ಪುಸ್ತಕ
ಇಲ್ಲ ಸರ್. ವ್ಯಾಪಾರಿಗಳಿಗೆ 2021ರಲ್ಲಿ ಉದ್ಯಮ್ ಕೊಟ್ಟಿದ್ದು ಬ್ಯಾಂಕ್ ಸಾಲದ ಅನುಕೂಲಕ್ಕೆ ಮಾತ್ರ.

ಲೇತ್ ಅವರೇ, ಅರ್ಜಿಗೆ ಮೊದಲು ಒಂದು ಕಾಗದ ಬರೆಯಿರಿ. ಅದರಲ್ಲಿ ಬಡ್ಡಿ ಲೆಕ್ಕದ ಜೊತೆ ಎರಡು ವಿಷಯ ಹಾಕಿ. ಒಂದು, ಬಿಲ್ಲಿನಿಂದ 180 ದಿನದೊಳಗೆ ನಿಮಗೆ ದುಡ್ಡು ಕೊಡದಿದ್ದರೆ ಅವರು ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ (ನಿಮ್ಮ ಬಿಲ್ಲಿನ ಜಿಎಸ್‌ಟಿಯನ್ನು ತಮ್ಮ ಜಿಎಸ್‌ಟಿಯಲ್ಲಿ ಕಳೆದುಕೊಂಡಿದ್ದು) ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಎರಡು, 1961ರ ಇನ್‌ಕಮ್ ಟ್ಯಾಕ್ಸ್ ಕಾಯ್ದೆಯ 43ಬಿ(ಎಚ್) ಕಲಂ. 45 ದಿನ ದಾಟಿದ ಬಿಲ್ಲನ್ನು ದುಡ್ಡು ಕೊಟ್ಟ ವರ್ಷದಲ್ಲಷ್ಟೇ ಖರ್ಚು ಅಂತ ತೋರಿಸಬಹುದು. ಆ ಕಾಗದದ ಕಾಪಿ ಅವರ ಆಡಿಟರ್‌ಗೂ ಹೋಗಲಿ. ಟೇಬಲ್ ಮೇಲಿನ ಫೈಲ್ ಆಗ ಏಳುತ್ತದೆ.

ಪೀಣ್ಯದ ಲೇತ್ | 2 ಜನವರಿ 2025
ಕಾಗದ ಬರೆಯುತ್ತಿದ್ದೇನೆ. ಮಾಲಿನ ಜೊತೆ ಕಳಿಸಿದ ಚಲನ್ ಹುಡುಕಿದೆ, ಕಟಿಂಗ್ ಆಯಿಲ್ ಬಿದ್ದು ಒಂದು ಮೂಲೆ ಕಂದಾಗಿದೆ. ಗೇಟ್ ಸೀಲ್ ಕಾಣುತ್ತದೆ, ಸೆಕ್ಯುರಿಟಿಯವರ ಸಹಿಯೂ ಇದೆ, ತಾರೀಖು ಮಾತ್ರ ಅಳಿಸಿಹೋಗಿದೆ. ನಡೆಯುತ್ತಾ?

ಲೆಕ್ಕದ ಪುಸ್ತಕ
ಮಾಲು ಸಾಗಿಸೋಕೆ ಜಿಎಸ್‌ಟಿಯಲ್ಲಿ ತೆಗೆದ ಇ-ವೇ ಬಿಲ್ಲಿನಲ್ಲಿ ತಾರೀಖು ಇದೆಯಲ್ಲ, ಜೊತೆಗೆ ಟೆಂಪೋ ಬಾಡಿಗೆ ರಸೀದಿ ಇಡಿ. ಆ ಬಿಲ್ಲಿಗೆ ಅವರು ಕ್ರೆಡಿಟ್ ತೆಗೆದುಕೊಂಡಿದ್ದರೆ ಮಾಲು ಬಂದೇ ಇಲ್ಲ ಅನ್ನೋಕೆ ಬಾಯಿಲ್ಲ. ಚಲನ್ ಫೋಟೋ ತೆಗೆದಿಟ್ಟು, ಒರಿಜಿನಲ್ ಆಯಿಲ್ ಡಬ್ಬಿಯಿಂದ ದೂರ ಇಡಿ ಮಾರಾಯ್ರೇ.