ಫ್ಲಿಂಟ್‌ಲಾಕ್ ಕೋವಿಗೆ ಎಷ್ಟು ಮದ್ದು, ಯಾವ ಜಿಡ್ಡು?

ಪ್ರಶ್ನೆ: ನಮಸ್ಕಾರ ಸರ್. ಊರು ವಿರಾಜಪೇಟೆ ಕಡೆ, ಈಗಿರುವುದು ಪೆನ್ಸಿಲ್ವೇನಿಯಾ. ಇಲ್ಲಿ ಕ್ರಿಸ್‌ಮಸ್ ಕಳೆದ ಮೇಲೆ ಫ್ಲಿಂಟ್‌ಲಾಕ್ (ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತುವ ಕೋವಿ) ಜಿಂಕೆ ಬೇಟೆ ಸೀಸನ್ ಬರುತ್ತಲ್ವಾ, ಅದಕ್ಕೆಂದು ಹಳೆಯದೊಂದು .50 ಕ್ಯಾಲಿಬರ್ (ನಳಿಗೆಯ ಒಳಗಲ ಅರ್ಧ ಇಂಚು) ರೈಫಲ್ ತಗೊಂಡೆ. .490 ಇಂಚಿನ ಗುಂಡು, ಅಂಗಡಿಯಲ್ಲೇ ಜಿಡ್ಡು ಹಚ್ಚಿಟ್ಟ ಪ್ಯಾಚ್ (ಗುಂಡಿಗೆ ಸುತ್ತುವ ಬಟ್ಟೆ ತುಂಡು), 90 ಗ್ರೇನ್ (ಮದ್ದಿನ ಅಳತೆ) ಕರಿಮದ್ದು. 50 ಯಾರ್ಡ್ ದೂರಕ್ಕೆ ಗುಂಡುಗಳು ಊಟದ ತಟ್ಟೆಯಗಲ ಚೆದುರುತ್ತಿವೆ. ಮದ್ದು ಇನ್ನೂ ಜಾಸ್ತಿ ಹಾಕಲಾ?

ಉತ್ತರ (ಗನ್‌ಸ್ಮಿತ್): ಬೇಡ, ಇಳಿಸಿ. ಅದಕ್ಕೂ ಮುಂಚೆ, ರೇಂಜ್‌ನಲ್ಲಿ ಎಲ್ಲರೂ ಗುಂಡು ಹಾರಿಸುವುದು ನಿಂತ ಮೇಲೆ ಮುಂದೆ ಹೋಗಿ ನಿಮ್ಮ ಪ್ಯಾಚ್‌ಗಳನ್ನು ಹೆಕ್ಕಿ ತನ್ನಿ. ನಡುವೆ ಕಪ್ಪು ವೃತ್ತ, ಅಂಚಿನಲ್ಲಿ ನೂಲು ಎದ್ದಿದ್ದರೆ ಪ್ಯಾಚ್ ಸರಿಯಿದೆ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು, ಇಲ್ಲವೇ ಜಿಡ್ಡು ಒಣಗಿದೆ. ಸುತ್ತಲೂ ಸಮವಾಗಿ ಬ್ಲೇಡ್ ಎಳೆದಂತೆ ಸೀಳಿದ್ದರೆ ನಳಿಗೆಯ ಬಾಯಿ ಅಥವಾ ಒಳಗಿನ ತಿರುವು ಗೆರೆಗಳ (ಗುಂಡನ್ನು ತಿರುಗಿಸುವ ಗೀರುಗಳ) ಏಣು ಹರಿತವಾಗಿದೆ, ಆಗ ಕೋವಿಯನ್ನೇ ನೋಡಬೇಕಾಗುತ್ತದೆ. ನನಗೆ ಅನುಮಾನ ಅಂಗಡಿ ಪ್ಯಾಚ್ ಮೇಲೆ. ಜಿಡ್ಡು ಹಚ್ಚಿ ವರ್ಷಗಟ್ಟಲೆ ಇಟ್ಟರೆ ಬಟ್ಟೆಯ ಕಸುವೇ ಹೋಗುತ್ತದೆ.

ದಿಂಬಿಗೆ ಬಳಸುವ ಪಟ್ಟೆ ಪಟ್ಟೆಯ ದಪ್ಪ ಹತ್ತಿ ಬಟ್ಟೆ ತನ್ನಿ, ಪಾಲಿಯೆಸ್ಟರ್ ಬೆರೆತಿರಬಾರದು. .015 ಇಂಚು ದಪ್ಪದಿಂದ ಶುರು ಮಾಡಿ. ಒಗೆದು ಗಂಜಿ ತೆಗೆಯಿರಿ. ಬೆಂಚಿನ ಮೇಲೆ ಕೋವಿ ಊರಿ, 50 ಗ್ರೇನ್ ಮೂರು ಎಫ್ (FFFg, ಸಣ್ಣ ಕಾಳಿನ) ಕರಿಮದ್ದಿನಲ್ಲಿ ಐದು ಗುಂಡು ಹೊಡೆಯಿರಿ. ಆಮೇಲೆ 55, 60, ಹೀಗೆ ಐದೈದೇ ಏರಿಸಿ. ಪ್ರತಿ ಈಡು (ಒಮ್ಮೆ ತುಂಬುವ ಮದ್ದು, ಗುಂಡು) ಹೊಡೆದ ಮೇಲೂ ಒದ್ದೆ ಬಟ್ಟೆಯಿಂದ ನಳಿಗೆ ಒರೆಸಿ. ಒಂದು ಹಂತದಲ್ಲಿ ಗುರಿಹಲಗೆಯ ಮೇಲಿನ ತೂತುಗಳ ಗುಂಪು ಬಿಗಿಯಾಗಿ, ಮುಂದೆ ಮತ್ತೆ ಹರಡುತ್ತದೆ. ಬಿಗಿಯಾದ ಅಳತೆಯೇ ನಿಮ್ಮ ಕೋವಿಯ ಈಡು. ತಯಾರಕರು ಹೇಳಿದ ಮಿತಿ ಮಾತ್ರ ದಾಟಬೇಡಿ. ಒಮ್ಮೆಗೆ ಒಂದೇ ಬದಲಾವಣೆ: ಮದ್ದು, ಬಟ್ಟೆ, ಜಿಡ್ಡು ಮೂರನ್ನೂ ಒಟ್ಟಿಗೆ ಬದಲಿಸಿದರೆ ಏನೂ ತಿಳಿಯುವುದಿಲ್ಲ.

ಮದ್ದನ್ನು ಅಳತೆ ಕೊಳವೆಗೆ ಸುರಿದು, ಅದರಿಂದಲೇ ನಳಿಗೆಗೆ ಹಾಕಿ. ಮದ್ದು ತುಂಬಿಟ್ಟ ಕೊಂಬಿನಿಂದ ನೇರ ಸುರಿಯಬೇಡಿ; ಒಳಗೆ ಕಿಡಿ ಉಳಿದಿದ್ದರೆ ಕೊಂಬಿನ ಮದ್ದೆಲ್ಲ ಕೈಯಲ್ಲೇ ಹೊತ್ತಿಕೊಳ್ಳುತ್ತದೆ. ಈಗಿನ ತೋಟಾಗಳಲ್ಲಿರುವ ಹೊಗೆಯಿಲ್ಲದ ಮದ್ದು ಚಿಟಿಕೆಯಷ್ಟೂ ಬೇಡ, ನಳಿಗೆ ಸಿಡಿಯುತ್ತದೆ.

ಪ್ರಶ್ನೆ: ಜಿಡ್ಡಿಗೆ ಕೊಬ್ಬರಿ ಎಣ್ಣೆ ಆಗುತ್ತಾ ಸರ್? ಮನೆಯಲ್ಲಿ ಇದ್ದೇ ಇರುತ್ತೆ.

ಉತ್ತರ: ಬೇಸಿಗೆಯಲ್ಲಿ ಗುರಿ ಅಭ್ಯಾಸಕ್ಕೆ ಧಾರಾಳವಾಗಿ ಆಗುತ್ತದೆ. ಆದರೆ ಸುಮಾರು 24 ಡಿಗ್ರಿ ಸೆಲ್ಸಿಯಸ್ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗ್ಗೆ ಪ್ಯಾಚ್ ಬಿಲ್ಲೆಯಾಗಿ ನಿಲ್ಲುತ್ತದೆ! ಬೆಂಚಿನ ಮೇಲಾದರೆ ಉಗುಳೇ ಸಾಕು. ಸುಮ್ನೆ ಹೇಳ್ತಿಲ್ಲ, ಹಳಬರು ಎಷ್ಟೋ ಪಂದ್ಯ ಗೆದ್ದಿದ್ದು ಅದರಲ್ಲೇ. ನೀರಲ್ಲಿ ಕರಗುವ ಎಣ್ಣೆಗೆ ಏಳು ಪಾಲು ನೀರು ಬೆರೆಸಿದರೂ ಆಯಿತು. ಬೇಟೆಯಲ್ಲಿ ಈಡು ಗಂಟೆಗಟ್ಟಲೆ ನಳಿಗೆಯೊಳಗೇ ಇರುತ್ತದೆ, ಒದ್ದೆ ಪ್ಯಾಚ್ ಮದ್ದನ್ನು ಕೆಡಿಸುತ್ತದೆ, ತುಕ್ಕನ್ನೂ ತರುತ್ತದೆ. ಅದಕ್ಕೆ ಜೇನುಮೇಣ, ಆಲಿವ್ ಎಣ್ಣೆ ಕರಗಿಸಿ ಬೆರೆಸಿ, ತೆಳ್ಳಗೆ ಹಚ್ಚಿ. ಇಂಜಿನ್ ಆಯಿಲ್ ಬೇಡ, ಕರಿಮದ್ದಿನ ಜೊತೆ ಡಾಂಬರಿನಂತಾಗುತ್ತದೆ. ಉಪ್ಪು ಬೆರೆತ ಕೊಬ್ಬೂ ಬೇಡ. ಯಾವ ಜಿಡ್ಡಿನಲ್ಲಿ ಬೇಟೆಗೆ ಹೋಗುತ್ತೀರೋ ಅದರಲ್ಲೇ ಗುರಿ ಹೊಂದಿಸಿ. ಜಿಡ್ಡು ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗಬಹುದು.

ಮತ್ತೊಬ್ಬರು: ಕೊಡಗಿನ ಮನೆಯಲ್ಲಿ ತಾತನ ಕೇಪಿನ ಕೋವಿ (ಚಕಮಕಿ ಬದಲು ಕೇಪು ಸಿಡಿದು ಮದ್ದು ಹೊತ್ತುವುದು) ಇದೆ. ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆ ಹಬ್ಬ) ದಿನ ತೆಂಗಿನಕಾಯಿ ಹೊಡೆಯಲು ಇದೇ ಲೆಕ್ಕವಾ?

ಉತ್ತರ: ಅಲ್ಲ. ಒಳಗೆ ತಿರುವು ಗೆರೆ ಇಲ್ಲದಿದ್ದರೆ ಪ್ಯಾಚ್ ಗುಂಡನ್ನು ಬಿಗಿಯಾಗಿ ಹಿಡಿಯುತ್ತದೆ ಅಷ್ಟೇ, ತಿರುಗಿಸುವುದಿಲ್ಲ. ಹಳೆ ನಳಿಗೆಯನ್ನು ಕೋವಿ ರಿಪೇರಿಯವರಿಗೆ ತೋರಿಸದೆ ಈಡು ತುಂಬಲೇಬೇಡಿ. ಎರಡೂ ಕೋವಿಗೆ ಇನ್ನೊಂದು: ಗುಂಡು ಮದ್ದಿನ ಮೇಲೆ ಕೂತಾಗ ಗಜದ (ಗುಂಡನ್ನು ಒಳಗೆ ತಳ್ಳುವ ಕೋಲು) ಮೇಲೆ, ನಳಿಗೆಯ ಬಾಯಿಯ ಮಟ್ಟಕ್ಕೆ ಒಂದು ಗೆರೆ ಹಾಕಿಕೊಳ್ಳಿ. ಗೆರೆ ನಳಿಗೆಯ ಬಾಯಿಗಿಂತ ಮೇಲೇ ನಿಂತರೆ ಗುಂಡು ಪೂರ್ತಿ ಇಳಿದಿಲ್ಲ ಅಂತ. ಆ ಈಡು ಹೊಡೆಯಬೇಡಿ.