ಮೋಷನ್ ರಿಗ್ ಸೆಟ್ಟಿಂಗ್: ಬ್ರೇಕ್ ಒತ್ತಿದರೆ ಎಷ್ಟು ಬಾಗಬೇಕು?

ರಿಗ್_ಹಾಸನ: ಕಂಪ್ಯೂಟರ್ ರೇಸಿಂಗ್‌ಗೆ, ಆಟದ ಕಾರಿನಂತೆ ಸೀಟನ್ನೂ ಅಲುಗಿಸುವ ರಿಗ್ ಕಟ್ಟಿದ್ದೇನೆ. ನಾಲ್ಕು ಮೂಲೆಗೆ ನಾಲ್ಕು ಆಕ್ಚುಯೇಟರ್ (ಮೇಲೆ ಕೆಳಗೆ ಚಲಿಸುವ ಮೋಟರ್ ಕಾಲು) ಇವೆ. ಸ್ಟ್ರೋಕ್, ಅಂದರೆ ಅವು ಚಲಿಸಬಲ್ಲ ದೂರ, 100 ಮಿಮೀ. ಐರೇಸಿಂಗ್ ಆಟದಲ್ಲಿ ಜಿಟಿ3 ರೇಸ್ ಕಾರು, ಹೆಚ್ಚಾಗಿ ಬೆಲ್ಜಿಯಂನ ಸ್ಪಾ ಟ್ರ್ಯಾಕ್, ವಿಆರ್ ಹೆಡ್‌ಸೆಟ್ ಹಾಕಿಕೊಂಡು ಓಡಿಸುತ್ತೇನೆ. ಮೋಷನ್ ಆನ್ ಮಾಡಿದರೆ ಲ್ಯಾಪ್ ಟೈಮ್ ಕೆಡುತ್ತದೆ. ಸ್ವಲ್ಪ ಹೊತ್ತಿಗೇ ಹೊಟ್ಟೆ ತೊಳಸುತ್ತದೆ. ಈಗ ಸರ್ಜ್ (ಬ್ರೇಕ್, ಆಕ್ಸಿಲರೇಟರ್‌ಗೆ ಹಿಂದೆ ಮುಂದೆ ಬಾಗುವುದು), ಸ್ವೇ (ತಿರುವಿನಲ್ಲಿ ಪಕ್ಕಕ್ಕೆ ವಾಲುವುದು) ಎರಡೂ ಫುಲ್ ಇವೆ. ಹೀವ್ (ಮೇಲೆ ಕೆಳಗೆ ಆಗುವುದು) ಕಡಿಮೆ, ಸ್ಮೂಥಿಂಗ್ (ಅಲುಗಾಟವನ್ನು ನುಣುಪು ಮಾಡುವ ಫಿಲ್ಟರ್) ಜಾಸ್ತಿ. ಮೊದಲು ಯಾವುದನ್ನು ಮುಟ್ಟಲಿ?

ಪಿಟ್‌ಲೇನ್: ಹೀವ್ ಏರಿಸಿ, ಸರ್ಜ್ ಇಳಿಸಿ. ಇರುವ 100 ಮಿಮೀಯನ್ನೇ ಎಲ್ಲವೂ ಹಂಚಿಕೊಳ್ಳಬೇಕು, ಅಲ್ವಾ? ಬ್ರೇಕ್ ಒತ್ತಿದ ಕೂಡಲೇ ಸರ್ಜ್ ಅಷ್ಟನ್ನೂ ತಿಂದುಬಿಟ್ಟರೆ ಆಕ್ಚುಯೇಟರ್ ತುದಿಗೆ ಹೋಗಿ ನಿಲ್ಲುತ್ತದೆ. ಆಮೇಲೆ ಟ್ರ್ಯಾಕ್ ಅಂಚಿನ ಕರ್ಬ್ ಹತ್ತಿದರೂ ಅದಕ್ಕೆ ಅಲುಗಲು ಜಾಗವಿಲ್ಲ. ಸ್ಪಾದಲ್ಲಿ ನನಗೆ ಬೇಕಾದದ್ದು ಓ ರೂಜ್, ಇಳಿದು ಏರುವ ಆ ತಿರುವು. ತಳದಲ್ಲಿ ಕಾರು ನೆಲಕ್ಕೆ ಅದುಮಿಕೊಳ್ಳುತ್ತದೆ, ಏರಿನ ತುದಿಯಲ್ಲಿ ಹಗುರಾಗುತ್ತದೆ. ಅದನ್ನು ಹೇಳುವುದು ಹೀವ್ ಒಂದೇ.

ಕರ್ಬ್_ಕುಮಾರ: ನಾನು ಒಪ್ಪಲ್ಲ. ಲಾ ಸೋರ್ಸ್ ತಿರುವಿಗೆ ಬ್ರೇಕ್ ಹಾಕುವಾಗ ಮೈ ಮುಂದಕ್ಕೆ ಜಾರಬೇಕು. ಅದೂ ಇಲ್ಲದಿದ್ದರೆ ಇಷ್ಟು ದುಡ್ಡು ಸುರಿದದ್ದು ಯಾಕೆ? ಕಿವಿಯೊಳಗೆ ಸಮತೋಲನ ನೋಡಿಕೊಳ್ಳುವ ಭಾಗಕ್ಕೆ ಮೈ ಬಾಗಿದ್ದೂ ಒಂದೇ, ವೇಗ ತಗ್ಗಿದ್ದೂ ಒಂದೇ. ಪೈಲಟ್ ತರಬೇತಿಯ ದೊಡ್ಡ ಸಿಮ್ಯುಲೇಟರ್‌ಗಳೂ ಇದನ್ನೇ ನಂಬಿ ಕೆಲಸ ಮಾಡುತ್ತವೆ.

ಪಿಟ್‌ಲೇನ್: ಅಲ್ಲಿ ನಿಧಾನಕ್ಕೆ ಬಾಗಿಸುತ್ತಾರೆ ಕುಮಾರ್, ಸೆಕೆಂಡಿಗೆ ಸುಮಾರು 3 ಡಿಗ್ರಿಯೊಳಗೆ. ಅದಕ್ಕಿಂತ ಜೋರಾದರೆ ಕಿವಿ ಅದನ್ನು ತಿರುಗಾಟ ಎಂದೇ ಗುರುತಿಸಿಬಿಡುತ್ತದೆ. ರೇಸ್ ಕಾರಿನ ಬ್ರೇಕ್ ಅಷ್ಟು ಹೊತ್ತು ಕಾಯುವುದಿಲ್ಲ. ಇನ್ನು ಲೆಕ್ಕ ನೋಡಿ. ಮುಂದಿನ, ಹಿಂದಿನ ಆಕ್ಚುಯೇಟರ್ ನಡುವೆ 1.2 ಮೀಟರ್ ಇದೆ ಅಂದುಕೊಳ್ಳಿ. 100 ಮಿಮೀ ಪೂರ್ತಿ ಬಳಸಿದರೂ ರಿಗ್ ಬಾಗುವುದು 5 ಡಿಗ್ರಿಗಿಂತ ಕಡಿಮೆ. ಅದರಿಂದ ಸಿಗುವುದು 0.08 ಜಿ, ಅಂದರೆ ಗುರುತ್ವ ಬಲದ ಶೇ 8. ಜಿಟಿ3 ಕಾರಿನ ಬ್ರೇಕಿಂಗ್ 1 ಜಿ ದಾಟುತ್ತದೆ. ಸೆಟ್ಟಿಂಗ್ ಎಷ್ಟು ಏರಿಸಿದರೂ ಆ ಬಲ ಬರುವುದಿಲ್ಲ. ಹಾಗಾಗಿ ರಿಗ್ ಕೈಯಲ್ಲಿ ಬಲ ಕೇಳಬೇಡಿ, ಸುದ್ದಿ ಕೇಳಿ: ಚಕ್ರ ಯಾವಾಗ ಎದ್ದಿತು, ತೂಕ ಯಾವ ಕಡೆ ಹೋಯಿತು.

ಸ್ಟಟ್‌ಗಾರ್ಟ್_ಕನ್ನಡಿಗ: ಇಬ್ಬರೂ ಸ್ಮೂಥಿಂಗ್ ಬಿಟ್ಟುಬಿಟ್ಟಿರಿ. ಲ್ಯಾಪ್ ಟೈಮ್ ಕೆಡಿಸುತ್ತಿರುವುದು ಅದೇ. 1 ಹರ್ಟ್ಜ್‌ನ ಸರಳ ಲೋ ಪಾಸ್ ಫಿಲ್ಟರ್ (ಅದಕ್ಕಿಂತ ವೇಗದ ಅಲುಗಾಟ ತಗ್ಗಿಸುವುದು) ಹಾಕಿದರೆ ರಿಗ್ ಸುಮಾರು 160 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ. 200 ಕಿಮೀ ವೇಗದಲ್ಲಿ ಅಷ್ಟರೊಳಗೆ ಕಾರು ಹತ್ತಿರ ಹತ್ತಿರ 9 ಮೀಟರ್ ಹೋಗಿರುತ್ತದೆ. ಹಿಂಬದಿ ಜಾರಿದ್ದು ಸ್ಟೀರಿಂಗ್‌ನಲ್ಲಿ ಮೊದಲು ಗೊತ್ತಾಗಿ, ನೀವು ತಿದ್ದಿಯೂ ಆಗಿ, ಆಮೇಲೆ ಸೀಟು ವಾಲುತ್ತದೆ. ಆಗ ನೀವು ಎರಡನೇ ಸಲ ತಿದ್ದಲು ಹೋಗುತ್ತೀರಿ. ಅದನ್ನೇ 5 ಹರ್ಟ್ಜ್ ಮಾಡಿ, ತಡ 32 ಮಿಲಿಸೆಕೆಂಡಿಗೆ ಇಳಿಯುತ್ತದೆ.

ಅಪೆಕ್ಸ್_ಅಕ್ಕ: ಹೊಟ್ಟೆ ತೊಳಸುವುದಕ್ಕೆ ಬೇರೆ ಕಾರಣ ಇದೆ. ಮೋಷನ್ ಕಾಂಪೆನ್ಸೇಷನ್ ಹಾಕಿದ್ದೀರಾ? ರಿಗ್ ಬಾಗಿದಾಗ ನಿಮ್ಮ ತಲೆ ಬಾಗಿತು ಎಂದೇ ಹೆಡ್‌ಸೆಟ್ ತಿಳಿಯುತ್ತದೆ. ಕಾಕ್‌ಪಿಟ್ ಒಂದು ಕಡೆ, ನೀವು ಒಂದು ಕಡೆ ಆಗುತ್ತೀರಿ. ವಿಆರ್‌ನ ಓಪನ್‌ಎಕ್ಸ್‌ಆರ್ ವ್ಯವಸ್ಥೆಗೆ ಇದಕ್ಕೆಂದೇ ಉಚಿತ ಲೇಯರ್ (ಸೇರಿಸಿಕೊಳ್ಳುವ ತಂತ್ರಾಂಶ) ಇದೆ. ರಿಗ್‌ಗೆ ಒಂದು ಟ್ರ್ಯಾಕರ್ ಬಿಗಿಯಾಗಿ ಕಟ್ಟಿ, ಅದರ ಅಲುಗಾಟವನ್ನು ತಲೆಯ ಅಲುಗಾಟದಿಂದ ಕಳೆಯಿರಿ. ಇದನ್ನು ಮಾಡದೆ ಸರ್ಜ್, ಹೀವ್ ತಿರುಗಿಸುವುದು ಸುಮ್ನೆ.

ರಿಗ್_ಹಾಸನ: ಅಕ್ಕಾ, ಕಾಂಪೆನ್ಸೇಷನ್ ಹಾಕಿದೆ. ಕಾಕ್‌ಪಿಟ್ ಈಗ ಅಲುಗದೆ ನಿಂತಿದೆ, ಹೊಟ್ಟೆ ತೊಳಸುವುದೂ ಇಲ್ಲ. ಸ್ಮೂಥಿಂಗ್ ಇಳಿಸಿದ ಮೇಲೆ ಹಿಂಬದಿ ಜಾರುವುದು ಸೀಟಿನಲ್ಲೇ ತಿಳಿಯುತ್ತಿದೆ. ಆದರೆ ಬಸ್ ಸ್ಟಾಪ್ ಚಿಕೇನ್‌ನ ಬಿಗಿ ತಿರುವುಗಳಲ್ಲಿ ಕರ್ಬ್ ಹತ್ತಿದರೆ ಮನೆಯೇ ಅದುರುತ್ತದೆ. ಕೆಳಗಿನ ಮನೆಯವರು ಮೇಲೆ ಬಂದು ಕೇಳಿದರು.

ಸ್ಟಟ್‌ಗಾರ್ಟ್_ಕನ್ನಡಿಗ: ಹೀವ್‌ಗೆ ಮಾತ್ರ ಹಠಾತ್ ಹೊಡೆತ ತಗ್ಗಿಸುವ ಸ್ಪೈಕ್ ಫಿಲ್ಟರ್ ಹಾಕಿ, ಉಳಿದದ್ದು ಹಾಗೇ ಇರಲಿ. ರಸ್ತೆಯ ಸಣ್ಣ ನಡುಕವನ್ನು ಸೀಟಿನ ಕೆಳಗೆ ಬಾಸ್ ಶೇಕರ್‌ಗೆ (ಸೀಟು ನಡುಗಿಸುವ ಸ್ಪೀಕರ್‌ನಂಥದು) ಬಿಟ್ಟುಕೊಡಿ. ಆಕ್ಚುಯೇಟರ್ ಕಾಲಿನ ಕೆಳಗೆ ದಪ್ಪ ರಬ್ಬರ್ ಇಡಿ.

ಕರ್ಬ್_ಕುಮಾರ: ಸರ್ಜ್ ಪೂರ್ತಿ ತೆಗೆಯಬೇಡಿ ಎಂದು ಈಗಲೂ ಹೇಳುತ್ತೇನೆ. ಟ್ರೇಲ್ ಬ್ರೇಕಿಂಗ್‌ನಲ್ಲಿ, ಅಂದರೆ ತಿರುವಿನೊಳಗೂ ಬ್ರೇಕ್ ಹಿಡಿದು ಹೋಗುವಾಗ, ಪೆಡಲ್ ಬಿಡುತ್ತಾ ಬಂದಂತೆ ಮೂತಿ ಏಳುತ್ತದಲ್ಲ, ಅದು ಗೊತ್ತಾದರೆ ಎಷ್ಟು ಬಿಡಬೇಕು ಅನ್ನುವುದು ಕಾಲಿಗೆ ಬರುತ್ತದೆ.

ಪಿಟ್‌ಲೇನ್: ಈ ಮಾತು ಸರಿ. ಹಾಗಿದ್ದರೆ ಸರ್ಜ್‌ಗೆ ವಾಷ್‌ಔಟ್ ಕೊಡಿ. ಮೊದಲ ಎಳೆತ ಚುರುಕಾಗಿ ಬರಲಿ, ಆಮೇಲೆ ರಿಗ್ ಗೊತ್ತಾಗದ ಹಾಗೆ ಮಧ್ಯಕ್ಕೆ ಮರಳಲಿ. ಬಹಳ ಬೇಗ ಮರಳಿದರೆ ಬ್ರೇಕ್ ಒತ್ತಿರುವಾಗಲೇ ಬಿಟ್ಟ ಹಾಗೆ ಅನ್ನಿಸುತ್ತದೆ, ಆ ಸಮಯ ಮಾತ್ರ ನೀವೇ ಓಡಿಸಿ ಹೊಂದಿಸಿಕೊಳ್ಳಬೇಕು. ಸ್ವೇ ಆಫ್ ಇಟ್ಟು ಸರ್ಜ್ ಒಂದನ್ನೇ ನೋಡಿ. ಆಕ್ಚುಯೇಟರ್ ಗ್ರಾಫ್ ತೆರೆದಿಡಿ. ಗೆರೆ ಮೇಲೆ ಹೋಗಿ ಚಪ್ಪಟೆಯಾದರೆ ಇನ್ನೂ ಇಳಿಸಬೇಕು.