ಡಾಟ್ಸನ್ 240ಝಡ್ ಬಿಡಿಭಾಗಗಳಿಗೆ ಮೂಲದ ಹಳದಿ ಲೇಪನ ಬರಿಸುವುದು ಹೇಗೆ?

ಶಿರಾ ಗೇಟ್ ಗ್ಯಾರೇಜ್, ತುಮಕೂರು:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಸಂಗ್ರಾಹಕರೊಬ್ಬರ 1972ರ ಜಪಾನಿ ಸ್ಪೋರ್ಟ್ಸ್ ಕಾರು ಡಾಟ್ಸನ್ 240ಝಡ್ ನಮ್ಮಲ್ಲಿಗೆ ಬಂದಿದೆ. ಬಾಡಿ ಕೆಲಸ ಮುಗಿದಿದ್ದು, ಈಗ ಬಾನೆಟ್ ಒಳಗಿನ ಬ್ರಾಕೆಟ್‌ಗಳು, ಬ್ರೇಕ್ ಬೂಸ್ಟರ್ (ಪೆಡಲಿನ ಒತ್ತಡ ಹೆಚ್ಚಿಸುವ ತಗಡಿನ ಡಬ್ಬಿ), ಕಾರ್ಬ್ಯುರೇಟರ್ ಲಿಂಕೇಜ್ (ಅದನ್ನು ಆಡಿಸುವ ಕಡ್ಡಿಗಳು) ಹಾಗೂ ಬೋಲ್ಟ್‌ಗಳ ಸರದಿ. ಮಾದರಿಗೆಂದು ಕೆಲವು ಬ್ರಾಕೆಟ್‌ಗಳಿಗೆ ಯೆಲ್ಲೋ ಜಿಂಕ್ (ಹಳದಿ ಬಣ್ಣದ ಸತು ಲೇಪನ) ಮಾಡಿಸಿದರೆ, ಅವು ಮದುವೆ ಮನೆಯ ಹಿತ್ತಾಳೆ ಪಾತ್ರೆಗಳಂತೆ ಒಂದೇ ಸಮನೆ ಹೊಳೆಯುತ್ತಿವೆ. ಹಳೆಯ ಭಾಗಗಳಲ್ಲಿ ಕಾಣುವ, ಹಸಿರು ಮತ್ತು ಗುಲಾಬಿ ಛಾಯೆ ಮಿಂಚುವ ಹಳದಿ ಬರಲಿಲ್ಲ. ಕಾರಣವೇನು? ಯಾವ ಭಾಗಕ್ಕೆ ಹಳದಿ, ಯಾವುದಕ್ಕೆ ಬಿಳಿ (ಹಳದಿಯಿಲ್ಲದ ಸತು ಲೇಪನ) ಎಂದು ನಿರ್ಧರಿಸುವುದು ಹೇಗೆ? ಬೋಲ್ಟ್‌ಗಳನ್ನು ಹೊಸದಾಗಿಯೇ ಹಾಕಿಬಿಡಲೇ?

ಅಂತರಸನಹಳ್ಳಿ ಪ್ಲೇಟಿಂಗ್:
ಬಣ್ಣ ಕೊಡುವುದು ಸತುವಿನ ಮೇಲೆ ಮಾಡುವ ಪ್ಯಾಸಿವೇಶನ್, ಅಂದರೆ ರಾಸಾಯನಿಕ ದ್ರಾವಣದಲ್ಲಿ ಅದ್ದಿ ಕೂರಿಸುವ ತೆಳುವಾದ ರಕ್ಷಣಾ ಪದರ. ಆ ಕಾಲದಲ್ಲಿ ಅದಕ್ಕೆ ಬಳಸುತ್ತಿದ್ದುದು ಹೆಕ್ಸಾವೇಲೆಂಟ್ ಎಂಬ ರೂಪದ ಕ್ರೋಮಿಯಂ. ಅದರ ಪದರ ಒಂದೊಂದು ಕಡೆ ಒಂದೊಂದು ದಪ್ಪಕ್ಕೆ ಕೂರುವುದರಿಂದಲೇ ಬೆಳಕಿಗೆ ಆ ಬಣ್ಣಗಳು ಆಡುತ್ತವೆ. ಯುರೋಪಿನಲ್ಲಿ 2007ರ ಜುಲೈನಿಂದ ಹೊಸ ಕಾರುಗಳಿಗೆ ಇದರ ಬಳಕೆ ನಿರ್ಬಂಧವಾದ ಮೇಲೆ ವಾಹನೋದ್ಯಮ ಕ್ರೋಮಿಯಂನ ಇನ್ನೊಂದು ರೂಪವಾದ ಟ್ರೈವೇಲೆಂಟ್‌ಗೆ ಹೊರಳಿತು. ಅದರಲ್ಲಿ ಹಳದಿಯನ್ನು ಸಾಮಾನ್ಯವಾಗಿ ಡೈ ಸೇರಿಸಿ ತರುತ್ತಾರೆ, ಆದ್ದರಿಂದಲೇ ನಿಮಗೆ ಸಮನಾದ ಬಣ್ಣ ಬಂದಿರಬೇಕು. ಕೆಲಸ ಕೊಡುವಾಗಲೇ ಯಾವ ಪ್ಯಾಸಿವೇಶನ್ ಎಂದು ಕೇಳಿಕೊಳ್ಳಿ. ಹೆಕ್ಸಾವೇಲೆಂಟ್ ಕ್ಯಾನ್ಸರ್‌ಕಾರಕ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಹಾಗೂ ತ್ಯಾಜ್ಯನೀರಿನ ಶುದ್ಧೀಕರಣ ಘಟಕ ಇರುವಲ್ಲಿ ಮಾತ್ರ ಮಾಡಿಸಿ, ಗ್ಯಾರೇಜಿನ ಬಕೆಟ್‌ನಲ್ಲಿ ಖಂಡಿತ ಬೇಡ.

ಇನ್ನೊಂದು ಕಾರಣ ಮೇಲ್ಮೈ. ಪ್ರೆಸ್‌ನಿಂದ ಬಂದ ತಗಡಿನ ಬ್ರಾಕೆಟ್‌ಗಳಿಗೆ ಕಾರ್ಖಾನೆಯವರು ಬಫಿಂಗ್ ಮಾಡುತ್ತಾ ಕೂರುವುದಿಲ್ಲ. ಬಫ್ ಮಾಡಿದರೆ ಕನ್ನಡಿಯ ಹೊಳಪು ಬರುತ್ತದೆ, ದಪ್ಪ ಮರಳಿನಿಂದ ಬ್ಲಾಸ್ಟ್ ಮಾಡಿದರೆ ಮಂಕಾದ ಖಾಕಿ ಬಣ್ಣ ಬರುತ್ತದೆ. ತುಕ್ಕು ತೆಗೆದು, ನಯವಾದ ವೈರ್ ಬ್ರಷ್ ಆಡಿಸಿ ಕೊಡುವುದೇ ಸರಿ (ಗ್ರಾಹಕರಿಗೆ ಹೊಳಪೇ ಇಷ್ಟ ಎಂಬುದು ಬೇರೆ ಮಾತು). ಸತು 8 ಮೈಕ್ರಾನ್ ಆಸುಪಾಸಿನಲ್ಲಿರಲಿ. ಹೆಚ್ಚಾದರೆ ಥ್ರೆಡ್‌ನಲ್ಲಿ ನಟ್ ಬಿಗಿಯುತ್ತದೆ. ಹೊಸ ಪ್ಯಾಸಿವೇಶನ್ ಪದರ ಮೆತ್ತಗಿರುತ್ತದೆ, ಒಂದು ದಿನ ಉಜ್ಜಬೇಡಿ.

ಕ್ಯಾತ್ಸಂದ್ರ ವಾಸಿ:
ಬಣ್ಣಕ್ಕೆ ಸಾಕ್ಷಿ ಆ ಕಾರಿನಲ್ಲೇ ಇರುತ್ತದೆ. ವಾಷರ್ ಕೂತಿದ್ದ ಜಾಗ, ಕ್ಲಾಂಪಿನ ಒಳಮೈ, ಎರಡು ತಗಡು ಒಂದಕ್ಕೊಂದು ಅಂಟಿಕೊಂಡಿದ್ದ ಕಡೆ ಮೂಲ ಲೇಪನ ಉಳಿದಿರುತ್ತದೆ. ಪ್ಲೇಟಿಂಗ್‌ಗೆ ಮೊದಲು ಸ್ವಚ್ಛಗೊಳಿಸಲು ಆಮ್ಲಕ್ಕೆ ಹಾಕುವ ಮುನ್ನವೇ, ಹಗಲು ಬೆಳಕಿನಲ್ಲಿ, ಪ್ರತಿ ಭಾಗದ ಫೋಟೋ ತೆಗೆದಿಡಿ. ಒಂದು ಎಚ್ಚರಿಕೆ: ಹಳದಿ ಪದರ ಸವೆದು ಹೋದಲ್ಲಿ ಬರೀ ಸತು ಕಾಣುವುದರಿಂದ, ಹೊರಮೈ ನೋಡಿ ಬಿಳಿ ಎಂದು ತೀರ್ಮಾನಿಸಬೇಡಿ. ಹಿಟಾಚಿ ಕಾರ್ಬ್ಯುರೇಟರ್‌ಗಳ ಬಾಡಿ ಅಲ್ಯೂಮಿನಿಯಂ, ಅವನ್ನು ಸ್ವಚ್ಛ ಮಾಡಿದರೆ ಸಾಕು.

ಬೋಲ್ಟ್ ಬದಲಿಸುವುದು ನನಗೆ ಒಪ್ಪಿಗೆಯಿಲ್ಲ. ಜಪಾನಿ ಎಂ8 (8 ಮಿ.ಮೀ. ದಪ್ಪದ) ಬೋಲ್ಟ್‌ನ ತಲೆಗೆ 12ರ ಸ್ಪ್ಯಾನರ್ ಹಿಡಿಯುತ್ತದೆ, ನಮ್ಮ ಹಾರ್ಡ್‌ವೇರ್ ಅಂಗಡಿಯದಕ್ಕೆ 13 ಬೇಕು. ಎಂ10ರಲ್ಲಿ ಪಿಚ್ಚೇ (ಥ್ರೆಡ್‌ನ ಸುತ್ತುಗಳ ನಡುವಿನ ಅಂತರ) ಬೇರೆ: ಅಲ್ಲಿ 1.25 ಮಿ.ಮೀ., ಇಲ್ಲಿ ಸಾಮಾನ್ಯವಾಗಿ ಸಿಗುವುದು 1.5. ತಲೆಯ ಮೇಲಿನ ಗುರುತೂ ಹೋಗುತ್ತದೆ. ಬಾನೆಟ್ ಎತ್ತಿದ ಕೂಡಲೇ ತಿಳಿದವರ ಕಣ್ಣು ಬೀಳುವುದು ಅಲ್ಲಿಗೇ.

ಶಿರಾ ಗೇಟ್ ಗ್ಯಾರೇಜ್:
ಇಬ್ಬರಿಗೂ ಧನ್ಯವಾದಗಳು. ಲಿಂಕೇಜಿನ ಸ್ಪ್ರಿಂಗ್‌ಗಳನ್ನೂ ಬೂಸ್ಟರನ್ನೂ ಇದೇ ಲಾಟ್‌ನಲ್ಲಿ ಕಳಿಸಬಹುದೇ?

ಅಂತರಸನಹಳ್ಳಿ ಪ್ಲೇಟಿಂಗ್:
ಸ್ಪ್ರಿಂಗ್‌ಗಳನ್ನು ಬೇರೆ ಕಟ್ಟಿ ಕೊಡಿ. ಆಮ್ಲದಲ್ಲೂ ಪ್ಲೇಟಿಂಗ್‌ನಲ್ಲೂ ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ, ಮುಂದೆಂದೋ ಅದು ಹಠಾತ್ತನೆ ಮುರಿಯುವಂತೆ ಮಾಡುತ್ತದೆ. ಅದಕ್ಕಾಗಿ ಸತು ಲೇಪಿಸಿದ ಕೆಲವೇ ಗಂಟೆಗಳೊಳಗೆ ಓವನ್‌ನಲ್ಲಿ ಸುಮಾರು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ, ಪ್ಯಾಸಿವೇಶನ್ ಆಮೇಲೆ ಮಾಡಬೇಕು. ಮೊದಲೇ ಮಾಡಿದರೆ ಆ ಬಿಸಿಗೆ ಹಳದಿ ಪದರ ಬಿರಿಯುತ್ತದೆ. ಬೂಸ್ಟರನ್ನು ಬಿಚ್ಚಿ, ರಬ್ಬರ್ ಡಯಾಫ್ರಂ ತೆಗೆದು, ಎರಡು ತಗಡಿನ ಚಿಪ್ಪುಗಳನ್ನಷ್ಟೇ ಕಳಿಸಿ. ಇಡಿಯಾಗಿ ಮುಳುಗಿಸಿದರೆ ಮಡಿಕೆಗಳಲ್ಲಿ ನಿಂತ ಆಮ್ಲ ಕೆಲವು ವಾರಗಳ ನಂತರ ಬಿಳಿ ಪುಡಿಯಾಗಿ ಹೊರಬರುತ್ತದೆ, ಬ್ರೇಕಿನ ಭರವಸೆಯೂ ಇರುವುದಿಲ್ಲ.